ಕರುವಿನ ಊಟದ ಕಾಗದ

ಕಡಬದ ಶಾಲೆಯ ಮೈದಾನದಲ್ಲಿ ಆ ವರ್ಷ ಎರಡು ಪ್ರದರ್ಶನಗಳು ಒಂದೇ ದಿನ ನಡೆದವು. ಬೆಳಗ್ಗೆ ಶಿಶು ಪ್ರದರ್ಶನ, ಮಧ್ಯಾಹ್ನ ಜಾನುವಾರು ಪ್ರದರ್ಶನ. ಚಪ್ಪರ ಒಂದೇ, ಮೈಕು ಒಂದೇ, ಬಹುಮಾನದ ಮೇಜೂ ಒಂದೇ. ಎರಡು ಸಲ ಚಪ್ಪರ ಹಾಕುವ ಉತ್ಸಾಹ ಯಾರಿಗೂ ಇರಲಿಲ್ಲ.

ಪೆರಾಬೆಯ ಬೆಳ್ಯಪ್ಪ ಗೌಡನ ಮನೆಯಿಂದ ಎರಡಕ್ಕೂ ಹೆಸರು ಹೋಗಿತ್ತು. ಕರುವಿನದನ್ನು ಅವನೇ ಕೊಟ್ಟದ್ದು. ಮಗನದನ್ನು ಗ್ರಾಮಸೇವಿಕೆ ಊರ್ಮಿಳಾ ಮನೆಗೆ ಬಂದು ತಾನಾಗಿ ಬರೆದುಕೊಂಡದ್ದು. ಕರುವಿಗೆ ಏಳು ತಿಂಗಳು, ಕೊಯಿಲದ ಸರಕಾರಿ ಫಾರಮಿನ ಹೋರಿಯಿಂದ ಹುಟ್ಟಿದ್ದು. ಮಗ ಅಚ್ಚುತನಿಗೆ ಒಂದೂವರೆ ವರ್ಷ, ಬರೀ ಬೆಳ್ಯಪ್ಪನಿಂದ ಹುಟ್ಟಿದವನು.

ಗಾಡಿಯಲ್ಲಿ ಬೈಹುಲ್ಲು ಹಾಸಿ ಕರುವನ್ನು ಹತ್ತಿಸಿದರು. ಅಷ್ಟು ದೂರ ನಡೆದರೆ ಅದು ಬಾಡಿಹೋದೀತು ಎಂದು ಬೆಳ್ಯಪ್ಪನ ಹೆದರಿಕೆ. ಹೆಂಡತಿ ಸೇವಂತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹಿಂದೆ ನಡೆದಳು.

"ನಾನೂ ಒಂದು ಮೂಲೆಯಲ್ಲಿ ಕೂತ್ರೆ ಆಗುದಿಲ್ವಾ?"

"ಅದಕ್ಕೆ ಮಲಗ್ಲಿಕ್ಕೆ ಜಾಗ ಬೇಕಲ್ಲ ಮಾರಾಯ್ತಿ. ನೀನೆಂತ, ಪ್ರೈಜಿಗೆ ನಿಲ್ಲುದಾ?"

ಬೆಳ್ಯಪ್ಪ ಕೆಟ್ಟವನಲ್ಲ. ಅಚ್ಚಾದ ಕಾಗದವನ್ನು ನಂಬುವವನು, ಅಷ್ಟೆ. ಕರುವಿಗೆ ಯಾವ ಹೊತ್ತಿಗೆ ಏನು ಕೊಡಬೇಕೆಂಬ ಕಾಗದವೊಂದು ದನದ ಡಾಕ್ಟರರಿಂದ ಬಂದಿತ್ತು. ಅದನ್ನು ದೇವರ ಪಟದ ಮೇಲ್ಗಡೆಯೇ ಅಂಟಿಸಿ, ಬಾಯಿಪಾಠ ಮಾಡಿದ್ದ. ಮಕ್ಕಳ ಊಟದ ಬಗ್ಗೆ ಊರ್ಮಿಳಾ ಕೊಟ್ಟ ಕಾಗದವೂ ಮನೆಯಲ್ಲಿತ್ತು. ಅವನ ತಾಯಿ ದುಗ್ಗಮ್ಮ ಅದನ್ನು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದರು. ದುಗ್ಗಮ್ಮನಿಗೆ ಕಾಗದ ಬೇಕಿರಲಿಲ್ಲ. ಹಾಲು ಕಫ, ಮೊಟ್ಟೆ ಉಷ್ಣ, ಬೇಳೆ ವಾಯು, ಹಲ್ಲು ಪೂರ್ತಿ ಬರುವವರೆಗೆ ಮಗುವಿಗೆ ಗಂಜಿಯ ತಿಳಿಯೇ ಸಾಕು. ಬಾಣಂತನದಲ್ಲಿ ಸೇವಂತಿಗೂ ಹಾಗೆಯೇ ಅನ್ನ, ಕಾಳುಮೆಣಸಿನ ಸಾರು. ಅವಳ ಎದೆಹಾಲು ಆರನೆಯ ತಿಂಗಳಿಗೇ ಬತ್ತಿತು. ಹಟ್ಟಿಯಲ್ಲಿ ಹಸು ಹಾಲು ಕೊಡುತ್ತಿತ್ತು, ಆದರೆ ಆ ಹಾಲು ಕಾಗದದ ಪ್ರಕಾರ ಕರುವಿನದು.

ಶಿಶು ಪ್ರದರ್ಶನದಲ್ಲಿ ತೂಕ ನೋಡುತ್ತಿದ್ದ ದಾದಿ ಅಚ್ಚುತನನ್ನು ತಕ್ಕಡಿಯ ತಟ್ಟೆಯಲ್ಲಿಟ್ಟಳು. ಹದಿನೈದು ಪೌಂಡು. ಎತ್ತಿ ಮತ್ತೆ ಇಟ್ಟಳು. ಮುಳ್ಳು ಮನಸ್ಸು ಬದಲಿಸಲಿಲ್ಲ.

"ಇದು ಆರು ತಿಂಗಳ ಮಗುವಿನ ತೂಕ ಅಲ್ವಾ ಅಮ್ಮ? ಎಂತ ಕೊಡ್ತೀರಿ ಇವನಿಗೆ?"

"ಗಂಜಿ ತಿಳಿ."

"ಮತ್ತೆ?"

"ಉಪ್ಪು."

ದಾದಿ ಮಗುವಿನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. "ಇದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು. ಹೀಗೇ ಬಿಟ್ಟರೆ ಮಳೆಗಾಲ ದಾಟುದು ಕಷ್ಟ. ಒಂದು ಭೇದಿ ಸಾಕು."

ಸೇವಂತಿ ಅಳಲಿಲ್ಲ. ಚಪ್ಪರದ ಕಂಬಕ್ಕೊರಗಿ ಕೂತು, ಮಧ್ಯಾಹ್ನದವರೆಗೂ ಆ ಕಾಲನ್ನು ಒತ್ತಿ ಒತ್ತಿ ನೋಡಿದಳು. ಗುಳಿ ತುಂಬುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ಅವಳ ಸಿಟ್ಟು ಬೆಳೆಯುತ್ತಿತ್ತು.

ಕರುವಿಗೆ ಮೊದಲ ಬಹುಮಾನ ಬಂತು. ದನದ ಡಾಕ್ಟರರು ಅದರ ಬೆನ್ನು ತಟ್ಟಿ, ಬೆಳ್ಯಪ್ಪನನ್ನು ಮೈಕಿನ ಎದುರು ನಿಲ್ಲಿಸಿದರು. "ಇದನ್ನು ಹೇಗೆ ಸಾಕಿದಿರಿ, ನಾಲ್ಕು ಜನರಿಗೆ ಹೇಳಿ."

ಬೆಳ್ಯಪ್ಪ ಗಂಟಲು ಸರಿಮಾಡಿಕೊಂಡ. "ಬೆಳಗ್ಗೆ ಒಂದು ಸೇರು ಹಾಲು. ಹತ್ತು ಗಂಟೆಗೆ ಬೇಯಿಸಿದ ಹುರುಳಿ. ಮಧ್ಯಾಹ್ನ ತೌಡು, ಹಿಂಡಿ. ವಾರಕ್ಕೆ ಎರಡು ಕೋಳಿಮೊಟ್ಟೆ. ಸಂಜೆ ಹಸಿಹುಲ್ಲು."

ಚಪ್ಪಾಳೆಯ ನಡುವೆಯೇ ಸೇವಂತಿ ಎದ್ದು ಬಂದು ಮೇಜಿನ ಎದುರು ನಿಂತಳು.

"ಡಾಕ್ಟ್ರೆ, ಇವನ ಹೆಸರನ್ನೂ ಕರುಗಳ ಸಾಲಲ್ಲಿ ಬರೀರಿ."

"ಎಂತ ಹೇಳಿದ್ರಿ?"

"ಕರು ಅಂತ ಬರೀರಿ. ಆಗ ಇವನಿಗೂ ಮೊಟ್ಟೆ ಸಿಗ್ತದೆ. ನಮ್ಮ ಮನೆಯಲ್ಲಿ ಹಾಲು ಕುಡೀಬೇಕಾದ್ರೆ ನಾಲ್ಕು ಕಾಲು ಬೇಕು."

ಜನ ನಕ್ಕರು. ಬಿಟ್ಟಿಯಾಗಿ ಆಟ ಸಿಕ್ಕಿದ ನಗು ಅದು. ಹಿಂದಿನಿಂದ ಯಾರೋ ಕೂಗಿದರು: "ಬೆಳ್ಯಪ್ಪಣ್ಣ, ಹೆಂಡತಿಗೆ ಹಗ್ಗ ಹಾಕ್ಲಿಲ್ವಾ ಮಾರಾಯ್ರೆ?"

"ಹಗ್ಗ ಹಾಕಿದ್ರೆ ಹುರುಳಿಯೂ ಹಾಕ್ತಿದ್ರು!" ಎಂದಳು ಸೇವಂತಿ, ಅತ್ತ ತಿರುಗದೆಯೇ.

ಬೆಳ್ಯಪ್ಪ ಅವಳ ಕಿವಿಯ ಬಳಿ ಬಗ್ಗಿದ. "ಮನೆಯ ಮಾತನ್ನು ಮೈಕಿನಲ್ಲಿ ಹೇಳುದಾ?" ಮೈಕು ಅದನ್ನೂ ಇಡೀ ಮೈದಾನಕ್ಕೆ ಹೇಳಿತು.

"ಮನೆಯಲ್ಲಿ ಹೇಳಿದ್ದೇನೆ. ಹಾಲು ಕೇಳಿದೆ, ಕಫ ಅಂದ್ರಿ. ಮೊಟ್ಟೆ ಕೇಳಿದೆ, ಉಷ್ಣ ಅಂದ್ರಿ. ಕರುವಿಗೆ ಕಫ ಇಲ್ವಾ? ಅದಕ್ಕೆ ಉಷ್ಣ ಆಗುದಿಲ್ವಾ?" ಅವಳು ಅಚ್ಚುತನ ಕಾಲು ಎತ್ತಿ ಹಿಡಿದು ಹೆಬ್ಬೆರಳು ಒತ್ತಿದಳು. "ಇಲ್ಲಿ ನೋಡಿ. ಎಲ್ಲರೂ ನೋಡಿ. ಕರುವನ್ನು ತಟ್ಟಿ ನೋಡಿದ್ರಲ್ಲ, ಇದನ್ನೂ ನೋಡಿ."

ಮುಂದಿನ ಸಾಲಿನವರು ಗುಳಿಯನ್ನು ಕಂಡರು. ನಗು ಅಲ್ಲಿಂದ ನಿಲ್ಲುತ್ತಾ ಹಿಂದಿನ ಸಾಲಿಗೆ ಹೋಯಿತು. ಎಷ್ಟೋ ಹೆಂಗಸರು ತಮ್ಮ ಮಕ್ಕಳ ಕಾಲನ್ನು ಮೆಲ್ಲನೆ ಒತ್ತಿ ನೋಡಿಕೊಂಡರು. ಡಾಕ್ಟರರು ಹೇಳಿದ್ದು ಒಂದೇ ಮಾತು: "ಗೌಡ್ರೆ, ಏಳು ತಿಂಗಳ ಕರು ಹಾಲಿಲ್ಲದೆಯೂ ಬದುಕ್ತದೆ. ಅದಕ್ಕೆ ಹುಲ್ಲು ಸಾಕು. ಕಾಗದದ ಕೊನೆಯಲ್ಲಿ ಅದೂ ಉಂಟು, ನೀವು ಓದ್ಲಿಲ್ವಾ?"

ಬೆಳ್ಯಪ್ಪ ಓದಿರಲಿಲ್ಲ. ಕೊನೆಯ ಸಾಲು ದೇವರ ಪಟದ ಚೌಕಟ್ಟಿನ ಹಿಂದೆ ಮರೆಯಾಗಿತ್ತು.

ಬಹುಮಾನದ ಹಿತ್ತಾಳೆ ಚೆಂಬಿಗೆ ಅವನು ಕೈ ಚಾಚುವ ಮೊದಲೇ ಸೇವಂತಿ ಅದನ್ನು ತೆಗೆದುಕೊಂಡಳು. ನೆಟ್ಟಗೆ ಹೋಗಿ ಮಗುವಿನೊಡನೆ ಗಾಡಿ ಹತ್ತಿ, ಬೈಹುಲ್ಲಿನ ಮೇಲೆ ಕಾಲು ಚಾಚಿದಳು.

"ಕರುವಿಗೆ ಜಾಗ?"

"ಹಿಂದೆ ಕಟ್ಟಿ. ನಡೀಲಿ."

"ಬಾಡ್ತದೆ."

"ಬಾಡ್ಲಿ."

ಕರು ಹಿಂದಿನಿಂದ ನಡೆಯಿತು, ಸಾಕಷ್ಟು ಚೆನ್ನಾಗಿಯೇ. ಎರಡು ಮೈಲು ಆದ ಮೇಲೆ ಬೆಳ್ಯಪ್ಪ, "ಅಮ್ಮ ಎಂತ ಹೇಳ್ತಾರೋ," ಎಂದ.

"ಅವರಿಗೆ ನಾನು ಹೇಳ್ತೇನೆ. ನೀವು ಆ ಕಾಗದ ಹೇಳಿ."

"ಈಗಾ?"

"ಬಾಯಿಪಾಠ ಉಂಟಲ್ಲ? ಮೈಕಿನಲ್ಲಿ ಹೇಳಿದ ಹಾಗೆ ಹೇಳಿ."

"ಬೆಳಗ್ಗೆ... ಒಂದು ಸೇರು ಹಾಲು."

"ಅರ್ಧ ಸೇರು ಅಚ್ಚುತನಿಗೆ. ಈ ಚೆಂಬಿನಲ್ಲಿ. ಮತ್ತೆ?"

"ಬೇಯಿಸಿದ ಹುರುಳಿ."

"ನುರಿದು ಅಚ್ಚುತನಿಗೆ. ಮತ್ತೆ?"

"ತೌಡು, ಹಿಂಡಿ ಅದಕ್ಕೇ ಅಲ್ವಾ... ಮೊಟ್ಟೆ, ವಾರಕ್ಕೆ ಎರಡು."

"ಮೂರು. ಅಚ್ಚುತನಿಗೆ. ಮತ್ತೆ?"

ಬೆಳ್ಯಪ್ಪ ಎತ್ತುಗಳ ಕೊಂಬುಗಳ ನಡುವೆ ದಾರಿ ನೋಡುತ್ತಾ ಸಣ್ಣ ಸ್ವರದಲ್ಲಿ, "ಸಂಜೆ ಹಸಿಹುಲ್ಲು," ಎಂದ.

"ಅದು ಕರುವಿಗೇ ಇರಲಿ," ಎಂದಳು ಸೇವಂತಿ.