ಕಿಚ್ಚಿಗೆ ಹೋದ ರಾಜದೂತ್

ಧನುರ್ಮಾಸ ಬಂತೆಂದರೆ ಕತ್ರಿಗುಪ್ಪೆಯ ಶಾಮಿಯಾನ ನಂದಕುಮಾರನಿಗೆ ಕೆಲಸವಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕಂಬ, ಬಟ್ಟೆ, ಕುರ್ಚಿಗಳೆಲ್ಲ ಗೋಡೌನಿನಲ್ಲಿ ಮಲಗುತ್ತವೆ. ಮನುಷ್ಯ ಮಾತ್ರ ಸುಮ್ಮನೆ ಮಲಗುವ ಪೈಕಿಯಲ್ಲ. ಹೋದ ವರ್ಷ ಈ ಬಿಡುವಿನಲ್ಲಿ ಮನೆಯ ನಲ್ಲಿಗಳನ್ನೆಲ್ಲ ತಾನೇ ರಿಪೇರಿ ಮಾಡಿ, ಕೊನೆಗೆ ಪ್ಲಂಬರನನ್ನು ಕರೆಸಬೇಕಾಗಿ ಬಂದಿತ್ತು. ಈ ವರ್ಷ ಅವನು ಹಳೆಯ ಕೊಟ್ಟಿಗೆಯಿಂದ ಅಪ್ಪನ ರಾಜದೂತ್ ಬೈಕನ್ನು ಅಂಗಳಕ್ಕೆ ಎಳೆದು ತಂದಾಗ ಹೆಂಡತಿ ಹೇಮಶ್ರೀ, ಸದ್ಯ ನಲ್ಲಿಗಳು ಬದುಕಿಕೊಂಡವು ಎಂದಳು.

ಆದರೆ ಅವನ ತಲೆಯಲ್ಲಿದ್ದದ್ದು ಬರೀ ಬೈಕಲ್ಲ, ಸಂಕ್ರಾಂತಿ. ಅಪ್ಪ ತಿಮ್ಮರಾಯಪ್ಪ ಮೂವತ್ತು ವರ್ಷ ಆ ಬೈಕಿನ ಎರಡೂ ಕಡೆ ಕ್ಯಾನು ತೂಗುಹಾಕಿಕೊಂಡು ಬನಶಂಕರಿಯ ಮನೆಮನೆಗೆ ಹಾಲು ಹಾಕಿದವರು. ಮೇವು ಸಿಗದೆ, ಕೈಲೂ ಆಗದೆ ಒಂಬತ್ತು ವರ್ಷದ ಹಿಂದೆ ಹಸುಗಳನ್ನು ಮಾರಿದರು. ಅಂದಿನಿಂದ ಸಂಕ್ರಾಂತಿಯ ಸಂಜೆ, ಮಾರಮ್ಮನ ಗುಡಿಯ ಮುಂದೆ ಹುಲ್ಲಿಗೆ ಬೆಂಕಿಯಿಟ್ಟು ದನಗಳನ್ನು ಕಿಚ್ಚು ಹಾಯಿಸುವ ಹೊತ್ತಿಗೆ, ಅವರು ಬಾಗಿಲು ಹಾಕಿಕೊಂಡು ಟೀವಿ ಜೋರು ಮಾಡಿ ಕೂರುತ್ತಿದ್ದರು. ಹಸುವಿಲ್ಲದವನಿಗೆ ಅಲ್ಲೇನು ಕೆಲಸ ಎಂಬುದು ಅವರ ವಾದ. ಊರಿಗೆಲ್ಲ ಹಬ್ಬ, ಅಪ್ಪ ಮಾತ್ರ ಒಳಗೆ. ಇದನ್ನು ನೋಡಿ ನೋಡಿ ನಂದಕುಮಾರನಿಗೆ ಸಾಕಾಗಿತ್ತು. ಮತ್ತೆ ಹಸು ಕಟ್ಟುವುದು ಈಗ ಆಗದ ಮಾತು. ಬೈಕು ಓಡಿದರೆ ಅದರ ಮೇಲೆ ಕೂರಿಸಿಕೊಂಡಾದರೂ ಅಪ್ಪನನ್ನು ಈ ಸಲ ಗುಡಿಗೆ ಕರೆದೊಯ್ಯಲೇಬೇಕೆಂದು ಹಠ ಹಿಡಿದ.

ಎಂಜಿನನ್ನು ಮೆಕ್ಯಾನಿಕ್ ಸೋಮನಾಥ್ ಸರಿಮಾಡಿಕೊಟ್ಟ. ಮಿಕ್ಕಿದ್ದೆಲ್ಲ ನಂದಕುಮಾರನದೇ ಕೈಚಳಕ. ಬಿಚ್ಚಿದ ಭಾಗಗಳನ್ನು ಮದುವೆ ಊಟದ ತಟ್ಟೆಗಳಲ್ಲಿ ಹರಡಿಕೊಂಡು ಸೀಮೆಎಣ್ಣೆಯಲ್ಲಿ ತೊಳೆದ. ಅಂಟಿಕೊಂಡಿದ್ದ ಜಿಡ್ಡು, ಚಿಂದಿ, ರಬ್ಬರುಗಳನ್ನೆಲ್ಲ ಕಿತ್ತು ಕಸದ ಗಾಡಿಗೆ ಹಾಕಿದ. ಸೀಟಿಗೆ ಕೆಂಪು ಮಖಮಲ್ಲು ಹೊದಿಸಿದ. ಟ್ಯಾಂಕಿಗೆ ಆರತಕ್ಷತೆಯ ಸಿಂಹಾಸನಕ್ಕೆ ಬಳಿಯುವ ಚಿನ್ನದ ಬಣ್ಣ ಹೊಡೆದ. ಅಪ್ಪ ದಿನಕ್ಕೆ ನಾಲ್ಕು ಸಲ ಕೋಲೂರಿಕೊಂಡು ಬಂದು ನೋಡಿ, ಮುಖ ಗಂಟುಹಾಕಿಕೊಂಡು ಹೋಗುತ್ತಿದ್ದರು. ಕೈ ಜಾರದಿರಲೆಂದು ಆ ಕೋಲಿನ ಹಿಡಿಗೆ ಅವರು ಹಳೇ ಸೈಕಲ್ ಟ್ಯೂಬು ಸುತ್ತಿಕೊಂಡಿದ್ದರು. ಒಂದು ದಿನ ತಡೆಯಲಾರದೆ ಕೇಳಿದರು.

"ಇದೇನ್ ಗಾಡೀನೋ, ಗಂಡು ಹೆಣ್ಣು ಕೂರೋ ಕುರ್ಚೀನೋ?"

ಸಂಕ್ರಾಂತಿ ಬಂದೇ ಬಂತು. ಮಧ್ಯಾಹ್ನ ಬೈಕಿಗೆ ಸ್ನಾನ, ಅರಿಶಿನ ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಆಯಿತು. ನಂದಕುಮಾರ ಕಿಕ್ಕರ್ ಒದ್ದ. ಹತ್ತು ಸಲ, ಇಪ್ಪತ್ತು ಸಲ, ಬೆವರಿಳಿದು ಪಂಚೆ ಒದ್ದೆಯಾಗುವವರೆಗೆ ಒದ್ದ. ಬೈಕು ಕೆಮ್ಮಲೂ ಇಲ್ಲ. ಪಕ್ಕದ ಮನೆಯ ಚಿಕ್ಕಬೈರಪ್ಪನವರ ಹಸುಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು, ಗೆಜ್ಜೆ ಕುಲುಕಿಸುತ್ತ ಗುಡಿಯ ಕಡೆ ಹೊರಟವು. ಆ ಸದ್ದಿಗೆ ಒಳಗೆ ಟೀವಿ ಇನ್ನಷ್ಟು ಜೋರಾಯಿತು. ನಂದಕುಮಾರನಿಗೆ ಅಳು ಬಂತು. ನಲವತ್ತೈದರ ಗಂಡಸು ಬೈಕು ಹಿಡಿದು ಅಳುವುದೇ ಎಂದು ಮತ್ತೆ ಒದ್ದ.

ಟೀವಿ ನಿಂತಿತು. ಬಾಗಿಲು ತೆರೆದು ಅಪ್ಪ ಹೊರಗೆ ಬಂದರು. ಒದಿ ಎಂದು ಸನ್ನೆ ಮಾಡಿ, ಟ್ಯಾಂಕಿನ ಕೆಳಗೆ ಕಿವಿಯಿಟ್ಟು ಕೇಳಿದರು. ಒಳಗೆಲ್ಲೋ ಚಿಟಚಿಟ ಸದ್ದು.

"ಇಲ್ಲೊಂದು ರಬ್ಬರ್ ಸುತ್ತಿದ್ದೆ. ಏನ್ ಮಾಡ್ದೆ?"

"ಕೊಳೆ ಅಂತ ಬಿಸಾಕ್ಬಿಟ್ಟೆ ಕಣಪ್ಪ."

ಪ್ಲಗ್ಗಿನ ವೈರು ಅಲ್ಲಿ ಸೀಳುಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ರಬ್ಬರಿಲ್ಲದೆ ಅದು ಕಬ್ಬಿಣಕ್ಕೆ ತಾಗಿ, ಕಿಡಿಯೆಲ್ಲ ದಾರಿಯಲ್ಲೇ ಸೋರಿಹೋಗುತ್ತಿತ್ತು. ಹಬ್ಬದ ಸಂಜೆ ಯಾವ ಅಂಗಡಿ ತೆರೆದಿರುತ್ತದೆ? ತಿಮ್ಮರಾಯಪ್ಪ ಒಂದು ಕ್ಷಣ ಯೋಚಿಸಿ, ಕೋಲಿನ ಹಿಡಿಯ ಟ್ಯೂಬನ್ನು ಸರಸರ ಬಿಚ್ಚಿದರು. ಅದನ್ನೇ ವೈರಿಗೆ ಬಿಗಿಯಾಗಿ ಸುತ್ತಿ, ಈಗ ಒದಿ ಎಂದರು.

ಎರಡನೇ ಒದೆತಕ್ಕೆ ಬೀದಿಯೆಲ್ಲ ಹೊಗೆ. ಫಟಫಟ ಸದ್ದಿಗೆ ಎದುರುಮನೆಯವರು ಎಳ್ಳುಬೆಲ್ಲದ ತಟ್ಟೆ ಹಿಡಿದೇ ಓಡಿಬಂದರು. ಬನ್ನಿ ಅಪ್ಪ ಎಂದು ಯಾರೂ ಕರೆಯಬೇಕಾಗಲಿಲ್ಲ. ಅವರಾಗಲೇ ಮಖಮಲ್ಲಿನ ಮೇಲೆ ಕೂತಿದ್ದರು. ಕೋಲು ಗೋಡೆಗೆ ಒರಗಿಕೊಂಡು ಅಲ್ಲೇ ಉಳಿಯಿತು.

ಗುಡಿಯ ಮುಂದೆ ಚಿಕ್ಕಬೈರಪ್ಪ ಬೇಕೆಂದೇ ಕೆಣಕಿದರು. "ಏನ್ ತಿಮ್ಮರಾಯಪ್ಪ, ಕಿಚ್ಚು ಹಾಯ್ಸೋಕೆ ಏನ್ ತಂದಿದ್ದೀಯ?"

"ಕಾಣ್ಸಲ್ವಾ? ನಮ್ಮನೇದು ಇದೇ."

ಪೆಟ್ರೋಲಿನ ಗಾಡಿ ಬೆಂಕಿಯ ಹತ್ತಿರ ಬೇಡವೆಂದು ಅಪ್ಪನೇ ದೂರ ನಿಲ್ಲಿಸಲು ಹೇಳಿದರು. ಹಸುಗಳೆಲ್ಲ ಹಾರಿ, ಬೆಂಕಿ ಆರಿ, ಮೇಲೆ ನಾಲ್ಕು ಬಿಂದಿಗೆ ನೀರು ಬಿದ್ದ ಮೇಲೆ ನಂದಕುಮಾರ ಒದ್ದೆ ಬೂದಿಯ ಮೇಲೆ ಬೈಕು ಹಾಯಿಸಿದ. ಹಿಂದಿನಿಂದ ಅಪ್ಪ ಸೀಟನ್ನು ಚಪ್ಪರಿಸುತ್ತ, ಹಸು ಅಟ್ಟುವವರ ಹಳೇ ಗಂಟಲಿನಲ್ಲಿ ಹೋಯ್, ಹೋಯ್ ಎಂದು ಕೂಗಿದರು. ಆ ಕೂಗನ್ನು ಕೇಳಿ ಒಂಬತ್ತು ವರ್ಷವಾಗಿತ್ತು. ನಂದಕುಮಾರನಿಗೆ ಕಣ್ಣು ಮಂಜಾಗಿ ರಸ್ತೆಯೇ ಕಾಣಲಿಲ್ಲ. ಖುಷಿಯೋ ಹೊಗೆಯೋ ಅವನೇ ಬಲ್ಲ.

ಮನೆಯ ಮುಂದೆ ಹೇಮಶ್ರೀ ಚಕ್ರಗಳಿಗೆ ನೀರು ಹಾಕಿ ಆರತಿ ಎತ್ತಿದಳು. ಅಪ್ಪ ಇಳಿದು, ಚಿನ್ನದ ಟ್ಯಾಂಕನ್ನು ಮೇಲಿಂದ ಕೆಳಗೆ ನೋಡಿ ಮುಖ ಸಿಂಡರಿಸಿದರು.

"ಬರೋ ವರ್ಷಾನೂ ಇದೇ ಬಣ್ಣ ಇದ್ರೆ ನಾನು ಕಿಚ್ಚಿಗೆ ಬರಲ್ಲ, ನೋಡು."

ಮಾರನೆಯ ಬೆಳಗ್ಗೆ ಬಣ್ಣದ ಅಂಗಡಿಯವನು ಬಾಗಿಲು ತೆಗೆಯಲು ಬಂದಾಗ ನಂದಕುಮಾರ ಆಗಲೇ ಮೆಟ್ಟಿಲ ಮೇಲೆ ಕೂತಿದ್ದ.