ಥಾಯ್ಲೆಂಡಿನಿಂದ ಬಂದ ಬುದ್ಧ

ಥಿನ್ನರ್ ವಾಸನೆ, ಊದುಬತ್ತಿ ಎಷ್ಟು ಹಚ್ಚಿದರೂ ಅಡಗದ ಥಿನ್ನರ್ ವಾಸನೆ, ನರಸೀಪುರದ ಈ ಹೊಸ ವಿಹಾರದಲ್ಲಿ ಇಷ್ಟು ಜನ ಕೂತಿದ್ದಾರೆ, ಒಬ್ಬರ ಮೂಗಿಗೂ ಬಡಿಯುವುದಿಲ್ಲವೇ, ಸಂಘಮಿತ್ರಾ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು, ವೇದಿಕೆಯ ಮೇಲೆ ಅವಳು ಕೆತ್ತಿದ ಬುದ್ಧ ಬಂಗಾರದ ಬಣ್ಣ ಹೊಡೆಸಿಕೊಂಡು ಕೂತಿದ್ದಾನೆ, ಕಾರಿಗೆ ಹೊಡೆಯುವ ಬಣ್ಣ, ಅದರಡಿಗೆ ಗೋಡೆಗೆ ಮೆತ್ತುವ ಪುಟ್ಟಿ, ಕಿವಿಯ ಮಡಿಕೆಯೆಲ್ಲ ಮುಚ್ಚಿಹೋಗಿದೆ, ಆ ಕಿವಿಗಾಗಿ ಅವಳು ಅಪ್ಪ ಉಂಡು ಮಲಗಿದಾಗಲೆಲ್ಲ ಅವನ ಕಿವಿಯನ್ನೇ ನೋಡುತ್ತ ಕೂರುತ್ತಿದ್ದಳು, ಈಗ ಅದು ಬೆಂದ ಕಡುಬು — ಮೈಕ್ ಹಿಡಿದವನು ಸಮಿತಿಯ ಅಧ್ಯಕ್ಷ ಅಮೃತೇಶ್, ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಸ್ತ್ರಿ ಮಾಡಿದ ನಗು, ಥಾಯ್ಲೆಂಡಿನಿಂದ ತರಿಸಿದ ಮೂರ್ತಿ ಬಂಧುಗಳೇ, ಚಪ್ಪಾಳೆ, ಥೂ, ಥಾಯ್ಲೆಂಡಂತೆ, ನಂಜನಗೂಡಿನ ಸಾಮಿಲ್ಲಿನಿಂದ ಅಪ್ಪನೂ ಅವಳೂ ಗೂಡ್ಸ್ ಆಟೋದಲ್ಲಿ ಹುಲ್ಲಹಳ್ಳಿಗೆ ತಂದ ಹಲಸಿನ ದಿಮ್ಮಿ ಅದು, ಪಕ್ಕದಲ್ಲಿ ಅವ್ವ ಮಹದೇವಮ್ಮ ತಿವಿದಳು, ಕೈ ಮುಗಿಯೇ, ಎಲ್ರೂ ನೋಡ್ತಾವ್ರೆ, ಅವ್ನು ಸುಳ್ಳು ಯೋಳ್ತಾವ್ನೆ ಕಣವ್ವ, ಯೋಳ್ಕಳ್ಲಿ ಬುಡು, ನಿನ್ ಎಸ್ರು ಕಟ್ಕಂಡು ಏನಾಗ್ಬೇಕು — ಮೊನ್ನೆ ಈ ಅಮೃತೇಶ್ ಮನೆಗೇ ಬಂದು ಅಂದನಲ್ಲ, ಬೇಜಾರ್ ಮಾಡ್ಕೋಬೇಡ ಕಣಮ್ಮ, ನಮ್ ಕೇರಿ ಹುಡ್ಗಿ, ಎಂಟ್ನೇ ಕ್ಲಾಸ್‌ಗೆ ಸ್ಕೂಲ್ ಬಿಟ್ಟೋಳು ಕೆತ್ತವ್ಳೆ ಅಂದ್ರೆ ಯಾರು ಬತ್ತಾರೆ ಯೋಳು, ನಮ್ಮೋರೇ ಬರಲ್ಲ, ಅಂದು ಅವ್ವ ಕೊಟ್ಟ ಟೀ ಕುಡಿದ, ಸಕ್ಕರೆ ಜಾಸ್ತಿಯಾಯ್ತು ಅಂತಲೂ ಹೇಳಿದ, ಅವಳು ಬಾಗಿಲ ಹಿಂದೆ ನಿಂತಿದ್ದಳು, ಯಾವಾಗಲೂ ಬಾಗಿಲ ಹಿಂದೆಯೇ, ಕಾರ್ಪೆಂಟರ್ ಅಂಗಡಿಯಲ್ಲಿ ಕಸ ಗುಡಿಸುತ್ತ, ನೋಡಿ ನೋಡಿ ಉಳಿ ಹಿಡಿಯಲು ಕಲಿತಾಗಲೂ, ಹೆಣ್ ಐಕ್ಳು ಉಳಿ ಹಿಡಿದ್ರೆ ಬೆಳ್ಳು ಕುಯ್ದೋಯ್ತದೆ ಕಣವ್ವ ಅಂತ ಅಲ್ಲಿನ ಬಡಗಿಗಳು ಹಲ್ಲು ಕಿರಿದಾಗಲೂ, ಒಂದು ಮಾತು ಆಡಲಿಲ್ಲ, ಆಡಬೇಕಿತ್ತು, ಆ ಟೀ ಲೋಟವನ್ನು ಅವನ ಬಿಳಿ ಅಂಗಿಗೇ ಚೆಲ್ಲಬೇಕಿತ್ತು — ಯಾರೋ ಹ್ಯಾಲೊಜೆನ್ ಲೈಟನ್ನು ಇನ್ನೂ ಹತ್ತಿರಕ್ಕೆ ಎಳೆದರು, ಬೆಳಗ್ಗೆಯಿಂದ ಸುಡುತ್ತಿರುವ ಲೈಟು, ಆಗಲೇ ಆ ಸದ್ದು, ಲಟಕ್, ಎಲುಬು ಮುರಿದ ಹಾಗೆ, ಬುದ್ಧನ ಕೊರಳಿನಿಂದ ಎದೆಯವರೆಗೆ ಬಿರುಕು, ಮರ ಇನ್ನೂ ಹಸಿ ಸಾ, ಬೇಸಿಗೆ ಕಳೀಲಿ ಅಂತ ಅಪ್ಪನ ಬಾಯಲ್ಲಿ ಹೇಳಿಸಿದ್ದಳು, ಉದ್ಘಾಟನೆ ಡೇಟು ಫಿಕ್ಸಾಗಿದೆ ಅಂದಿದ್ದ ಅಮೃತೇಶ್, ಸೀಳಲಿ, ಇನ್ನೂ ಸೀಳಲಿ, ಜನ ಎದ್ದು ನಿಂತರು, ಥಾಯ್ಲೆಂಡ್ ಬುದ್ಧಂಗೆ ನಮ್ ನರಸೀಪುರದ ಬಿಸ್ಲು ಆಗ್ಬರ್ನಿಲ್ವೇನೋ ಸಾ, ಹಿಂದಿನ ಸಾಲಿನಿಂದ ಯಾರೋ, ನಗು, ಅಮೃತೇಶನ ಮುಖ ಕಪ್ಪಿಟ್ಟಿತು, ಭಾಷಣದ ಕನ್ನಡ ಬಿಟ್ಟುಹೋಯಿತು, ಮೈಕು ಮಾತ್ರ ಬಾಯಿಗೇ ಇದೆ, ಎಲ್ಲವ್ಳೆ ಅವ್ಳು, ಹುಲ್ಲಹಳ್ಳಿ ಕರಿಯಯ್ಯನ ಮಗ್ಳು, ಸಂಘಮಿತ್ರಾ, ಏನಮ್ಮ ಇಂಗೆ ಕೆತ್ತಿದ್ದೀಯ, ಸ್ಪೀಕರುಗಳಲ್ಲೆಲ್ಲ ಅವಳ ಹೆಸರು ಗುಡುಗಿತು, ರಸ್ತೆಯವರೆಗೂ ಕೇಳಿಸಿರಬೇಕು, ಇಡೀ ವಿಹಾರ ತಿರುಗಿ ಅವಳನ್ನು ನೋಡಿತು, ಕೂತ್ಕೊಳ್ಳೇ, ಕೂತ್ಕೊಳ್ಳೇ, ಅವ್ವ ಕೈ ಹಿಡಿದು ಎಳೆಯುತ್ತಾಳೆ, ಯಾವಾಗ ಎದ್ದಳೋ ಅವಳಿಗೇ ತಿಳಿಯದು, ಊಂ ಕಣ್ರೀ, ನಾನೇ ಕೆತ್ತಿರೋದು, ಇಷ್ಟು ಜೋರು ದನಿ ಯಾರದು, ಕಣ್ಣು ಮಾತ್ರ ಅಲ್ಲೇ, ಬಂಗಾರ ಬಾಯಿಬಿಟ್ಟ ಕಡೆ, ಒಳಗೆ ಹಲಸಿನ ಹಳದಿ, ಹಸಿ ಹಳದಿ, ಬಿರುಕಿನ ಉದ್ದಕ್ಕೂ ಹಳದಿ, ಹಳದಿ —