ಕುಳ್ಳನ ಸೀಸೆ

ಮೊದಲ ಸೀಸೆಯ ಬಿರಟೆ ಕಿತ್ತು ಮೂಸಿ, ಮುಖ ಸಿಂಡರಿಸಿ, ಅವಳು ಅದನ್ನು ಹಲಗೆಯ ಮೇಲೆ ಹಿಂದಕ್ಕಿಟ್ಟಳು.

"ಅತ್ತಿಗೆ, ಡಾರ್ಕ್‌ರೂಮಲ್ಲಿ ಏನು ಮಾಡ್ತಿದ್ದೀರಿ? ಗಾಡಿ ಬಂದು ನಿಂತಿದೆ. ಅಣ್ಣನ್ನ ಎತ್ತಬೇಕು." ಮೈದುನ ಬಾಗಿಲಲ್ಲಿ ನಿಂತಿದ್ದ.

"ಕುಳ್ಳನ ಔಷಧಿ ಹುಡುಕ್ತಿದ್ದೀನಿ. ನಿನ್ನೆಯಿಂದ ಹಾಕಿಲ್ಲ. ಆಗಲೇ ಕಿವಿ ಅದುರ್ತಿದೆ, ಇನ್ನೇನು ಫಿಟ್ಸ್ ಬರುತ್ತೆ. ಡಾಕ್ಟರು ಊರಲ್ಲಿಲ್ಲ."

"ಇವತ್ತೂ ನಾಯಿ ಚಿಂತೆನಾ?"

"ನಿಮ್ಮಣ್ಣ ಇದ್ದಾಗಲೂ ಈ ಮನೇಲಿ ಮೊದಲ ತುತ್ತು ಅದಕ್ಕೇ."

ಹಜಾರದಲ್ಲಿ ನಾಯಿ ಕುಳ್ಳ, ಚಟ್ಟದ ಮೇಲಿದ್ದ ಯಜಮಾನನ ಕಾಲ ಬಳಿ ಬಿದ್ದುಕೊಂಡಿತ್ತು. ಯಾರು ಕರೆದರೂ ಮಿಸುಕಿರಲಿಲ್ಲ.

ಹಲಗೆಯ ಮೇಲೆ ಫೋಟೋ ತೊಳೆಯುವ ರಾಸಾಯನಿಕಗಳ ಕಂದು ಸೀಸೆಗಳ ಸಾಲು. ಒಂದಕ್ಕೂ ಚೀಟಿಯಿಲ್ಲ. "ಕತ್ತಲಲ್ಲಿ ಓದೋರ್ಯಾರು?" ಎನ್ನುತ್ತಿದ್ದ ಅವಳ ಗಂಡ, ಊರಿಗೆಲ್ಲ ಫೋಟೋದವನು; ಅವನ ಕೈಗೇ ಕಣ್ಣಿತ್ತು. ಅವಳೋ, ಬೆಳಕು ಬಿದ್ದು ಚಿತ್ರ ಕೆಟ್ಟೀತೆಂದು ಈ ಹೊಸಿಲು ದಾಟಿದವಳೇ ಅಲ್ಲ.

"ತಪ್ಪು ಸೀಸೆ ಆದ್ರೆ ನಾಯಿನೂ ಅಣ್ಣನ ಹಿಂದೇನೇ ಹೋಗುತ್ತೆ," ಎಂದ ಮೈದುನ.

*

ದನದ ಡಾಕ್ಟರು ಔಷಧಿಯ ಹೆಸರು ಹೇಳಿದಾಗ ಫೋಟೋದವನು ನಕ್ಕುಬಿಟ್ಟಿದ್ದ. "ಪೊಟಾಸಿಯಂ ಬ್ರೋಮೈಡಾ? ಅದು ನನ್ನ ಹಳೇ ನೆಂಟ! ಫೋಟೋ ತೊಳೆಯೋ ನೀರಿಗೆ ಚಿಟಿಕೆ ಹಾಕದಿದ್ರೆ ಬಿಳೀ ಜಾಗಕ್ಕೆಲ್ಲ ಮಸುಕು ಕಟ್ಟುತ್ತೆ."

"ಉಪ್ಪು ಅದೇ. ಆದ್ರೆ ನಿಮ್ಮದನ್ನ ಹಾಕ್ಬೇಡಿ ಮಾರಾಯ್ರೆ, ಇದು ಔಷಧಿಗೇ ಶುದ್ಧ ಮಾಡಿ ನೀರಲ್ಲಿ ಕರಗಿಸಿದ್ದು," ಎಂದಿದ್ದರು ಡಾಕ್ಟರು.

ಅವನು ಅದನ್ನು ತಂದು, ತನ್ನದೇ ಕಂದು ಸೀಸೆಗೆ ಸುರಿದು, ಅದೇ ಸಾಲಿಗೆ ಸೇರಿಸಿದ. "ಒಂದೇ ಕುಲದವು, ಜೊತೆಗಿರ್ಲಿ. ಒಂದು ಚಿತ್ರಕ್ಕೆ ಮಬ್ಬು ಬರದ ಹಾಗೆ ನೋಡ್ಕೊಳ್ಳುತ್ತೆ, ಇನ್ನೊಂದು ಇವನ ತಲೆಗೆ."

"ನೀವೂ ಒಂದು ಚಮಚ ಕುಡೀರಿ," ಎಂದಿದ್ದಳು ಅವಳು.

ದಿನಾ ಸಂಜೆ ಅವನೂ ಕುಳ್ಳನೂ ಡಾರ್ಕ್‌ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿಂದ ಮುಚ್ಚಳ ತಿರುಗಿಸಿದ ಒಂದು ಸಣ್ಣ ಸದ್ದು, ಆಮೇಲೆ ಅವನ ಗೊಣಗು.

*

ಆ ಸದ್ದು ನೆನಪಾಗಿ ಅವಳ ಕೈ ನಿಂತಿತು. ಮೂಸುವುದು ಬಿಟ್ಟಳು. ಒಂದೊಂದೇ ಮುಚ್ಚಳ ತೆರೆದಳು. ಬಿರಟೆ ಟಪ್ ಎಂದಿತು; ಹಜಾರದಲ್ಲಿ ಕುಳ್ಳ ಮಿಸುಕಲಿಲ್ಲ. ಗಾಜಿನದು ಕಿಣಿಗುಟ್ಟಿತು, ಏನೂ ಇಲ್ಲ. ಮೂಲೆಯ ತಗಡಿನ ಮುಚ್ಚಳ ಕಿರ್ರ್ ಎಂದಿತು.

ಹಜಾರದ ನೆಲದ ಮೇಲೆ ಉಗುರುಗಳ ಸದ್ದು. ನೆಂಟರ ಕಾಲುಗಳ ನಡುವೆ ನುಸುಳಿ ಬಂದ ಕುಳ್ಳ ಹಲಗೆಯ ಕೆಳಗೆ ಕೂತು ಮೂತಿ ಎತ್ತಿತು.

ಪಕ್ಕದ ತಟ್ಟೆಯಲ್ಲಿದ್ದ ಕುಳ್ಳನ ಸಿರಿಂಜಿಗೆ ಅವನು ಹಾಕಿದ್ದ ಗುರುತಿನ ಗೆರೆಯವರೆಗೆ ತುಂಬಿ ಬಾಯಿಗೆ ಬಿಟ್ಟಳು. ಕುಳ್ಳ ನುಂಗಲಿಲ್ಲ. ಅವಳ ಹಿಂದಿನ ಬಾಗಿಲನ್ನೇ ನೋಡಿತು.

"ಬಾಗಿಲು ಹಾಕ್ಕೊಳ್ಳಿ ಅತ್ತಿಗೆ," ಮೈದುನ ಮೆಲ್ಲಗೆ ಹೇಳಿ ಹಿಂದೆ ಸರಿದ. "ಅಣ್ಣ ಹಾಕ್ಕೊಳ್ತಿದ್ದ."

ಅವಳು ಬಾಗಿಲು ಹಾಕಿದಳು. ಕೆಂಪು ದೀಪ ಒಂದೇ ಉಳಿಯಿತು. ಹೊರಗಿನ ಮಾತು, ಅಳು, ಗಾಡಿಯ ಸದ್ದು ಎಲ್ಲ ನೀರಿನಡಿಯಿಂದ ಬಂದಂತೆ ಕೇಳಿಸಿದವು. ಕುಳ್ಳ ಗುಟುಕ್ಕೆಂದು ನುಂಗಿ, ಅವಳ ಪಾದದ ಮೇಲೆ ಗದ್ದ ಊರಿತು. ತಲೆಯ ಮೇಲಿನ ದಾರದಲ್ಲಿ ಅವನು ಒಣಹಾಕಿದ್ದ ಫೋಟೋದೊಳಗೆ ಯಾರದೋ ಮನೆಯ ಮದುಮಗಳು, ಅಂಚು ಸುರುಳಿಗೊಂಡರೂ, ಇನ್ನೂ ನಗುತ್ತಿದ್ದಳು.